ಗುಡ್ಡ ಹತ್ತಿ ಇಳಿದ ಬಿಳಿ ಬಟ್ಟೆ
ಈ ಫೋಟೋ ನೋಡಿ. ಒಣಹುಲ್ಲಿನ ಗುಡ್ಡಗಳು, ಅವುಗಳ ಮೇಲೆ ಏರುತ್ತ ಇಳಿಯುತ್ತ ಸಾಗಿದ ಬಿಳಿ ನೈಲಾನ್. 1976ರ ಸೆಪ್ಟೆಂಬರ್, ಕ್ಯಾಲಿಫೋರ್ನಿಯಾ. ಕಲಾವಿದ ದಂಪತಿ ಕ್ರಿಸ್ಟೊ ಮತ್ತು ಜೀನ್-ಕ್ಲೋಡ್ ಕಟ್ಟಿದ 'ರನ್ನಿಂಗ್ ಫೆನ್ಸ್' ಎಂಬ ಬೇಲಿ ಇದು.

ಐದೂವರೆ ಮೀಟರ್ ಎತ್ತರ, 39 ಕಿಲೋಮೀಟರ್‌ಗೂ ಹೆಚ್ಚು ಉದ್ದ! 59 ಮಂದಿ ದನಗಾಹಿ ರೈತರ ಜಮೀನು ದಾಟಿ, ಬೊಡೆಗಾ ಕೊಲ್ಲಿಯ ಹತ್ತಿರ ಪೆಸಿಫಿಕ್ ಸಾಗರಕ್ಕೆ ಇಳಿದಿತ್ತು.

ಈಗ ಬಟ್ಟೆಯ ಮೇಲಂಚು ಗಮನಿಸಿ. ನೆಲ ಎಲ್ಲಿ ತಗ್ಗಿದೆ, ಎಲ್ಲಿ ಉಬ್ಬಿದೆ ಅಂತ ಅದೇ ಗೆರೆ ಎಳೆದು ತೋರಿಸುತ್ತೆ. ಬಟ್ಟೆ ಇಲ್ಲದಿದ್ದರೆ ಈ ಏರಿಳಿತ ಹುಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತಿತ್ತು. ಗಾಳಿ ಕಣ್ಣಿಗೆ ಕಾಣಲ್ಲ. ಬಟ್ಟೆ ದೋಣಿಯ ಹಾಯಿಯಂತೆ ಉಬ್ಬಿದಾಗ ಅದೂ ಚೌಕಟ್ಟಿನೊಳಗೆ ಬರುತ್ತೆ. ಇನ್ನು ಬೆಳಕು. ಸೂರ್ಯ ಬಟ್ಟೆಯ ಹಿಂದಿದ್ದರೆ ಅದೇ ಬೆಳಗುತ್ತೆ, ಒಂದೊಂದು ಮಡಿಕೆಯೂ ಎದ್ದು ಕಾಣುತ್ತೆ. ನನಗಂತೂ ಇದೇ ಅತ್ಯಂತ ಚೆಂದ.

ಈ ಬೇಲಿಯನ್ನು ಸೆರೆಹಿಡಿದವರಲ್ಲಿ ಒಬ್ಬರು ಛಾಯಾಗ್ರಾಹಕ ವೋಲ್ಫ್‌ಗಾಂಗ್ ವೋಲ್ಟ್ಸ್. ಅವರ ಕೈಲಿದ್ದ ಸಮಯವೂ ಕಡಿಮೆಯೇ: ಪೂರ್ತಿಯಾದ 14 ದಿನಕ್ಕೆ ಕಲಾವಿದ ದಂಪತಿ ಬೇಲಿ ಬಿಚ್ಚಲು ಶುರುಮಾಡಿ, ಬಟ್ಟೆ, ಕಂಬ ಎಲ್ಲವನ್ನೂ ಆ ರೈತರಿಗೇ ಕೊಟ್ಟುಬಿಟ್ಟರು.

ಇಂಥ ಫೋಟೋ ತೆಗೆಯಲು ನೀವೂ ಪ್ರಯತ್ನಿಸ್ತೀರಾ? ಗಾಳಿ ಬೀಸುವ ಕಡೆಗೆ ತೆಳು ಬಟ್ಟೆ ಒಯ್ಯಿರಿ. ಮಡಿಕೆ ಸ್ಪಷ್ಟವಾಗಿ ಬೇಕಿದ್ದರೆ ಶಟರ್ ವೇಗ ಹೆಚ್ಚಿಸಿ. ಗಾಳಿಯ ಓಟ ಬೇಕಿದ್ದರೆ ಟ್ರೈಪಾಡ್ ಹಾಕಿ, ವೇಗ ಇಳಿಸಿ.