200ರ ಗೆರೆ ದಾಟಿಸುವ ಯೂನಿಟ್ ಯಾವುದು?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಥರ್ಟಿ-ಫಾರ್ಟಿ ಸೈಟಿನ ಮನೆಯೆಂದರೆ ಕೆಳಗೆ ಓನರ್, ಮೇಲೆ ಎರಡು-ಮೂರು ಬಾಡಿಗೆ ಮನೆ, ಗೇಟಿನ ಒಳಗೆ ಗೋಡೆಗೆ ಸಾಲಾಗಿ ನಾಲ್ಕೈದು ಮೀಟರ್. ಆ ಸಾಲಿನಲ್ಲಿ ಒಂದಕ್ಕೆ ಸೊನ್ನೆ ಬಿಲ್, ಪಕ್ಕದ್ದಕ್ಕೆ ₹1,700 ದಾಟಿದ ಬಿಲ್ ಬರುವುದುಂಟು. ಎರಡೂ ಮನೆಗಳ ಬಳಕೆಯ ಅಂತರ ಹತ್ತಿಪ್ಪತ್ತು ಯೂನಿಟ್ ಮಾತ್ರ ಇರಬಹುದು.

ಕಾರಣ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಲೆಕ್ಕದಲ್ಲಿದೆ. 2023ರ ಜುಲೈನಲ್ಲಿ ಶುರುವಾದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಿಲ್ಲ. 2022–23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ 10 ಯೂನಿಟ್) ಸೇರಿಸಿದರೆ ನಿಮ್ಮ ಉಚಿತ ಮಿತಿ. ಹಳೆಯ ಲೆಕ್ಕವೇ ಇಲ್ಲದ ಹೊಸ ಸಂಪರ್ಕಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು 58 ಯೂನಿಟ್ ಕೊಟ್ಟರು. ಮಿತಿ ಮೀರಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್.

2025–26ರ ದರಗಳಲ್ಲಿ ಲೆಕ್ಕ ಹಾಕೋಣ. ನಿಮ್ಮ ಮಿತಿ 160 ಎಂದುಕೊಳ್ಳಿ. 199 ಬಳಸಿದರೆ 39 ಯೂನಿಟ್‌ಗೆ, 2025ರ ಏಪ್ರಿಲ್‌ನಲ್ಲಿ ಜಾರಿಯಾದ ₹5.80ರ ದರದಲ್ಲಿ, ಸುಮಾರು ₹226 ಮತ್ತು ಅದರ ಮೇಲಿನ ತೆರಿಗೆ. 201 ಆದರೆ ಯೂನಿಟ್ ಲೆಕ್ಕವೇ ₹1,166. ಮಂಜೂರಾದ 3 ಕಿಲೋವ್ಯಾಟ್‌ಗೆ ತಲಾ ₹145ರಂತೆ ನಿಗದಿತ ಶುಲ್ಕ ₹435. ಶೇ 9 ವಿದ್ಯುತ್ ತೆರಿಗೆ. ಯೂನಿಟ್‌ಗೆ 36 ಪೈಸೆ ಪಿಂಚಣಿ ಸರ್ಚಾರ್ಜ್. ಒಟ್ಟು ₹1,750 ದಾಟುತ್ತದೆ. ಎಲ್ಲ ಯೂನಿಟ್‌ಗಳ ಬೆಲೆ ಒಂದೇ ಅಲ್ಲ. ಕೊನೆಯ ಹತ್ತಿಪ್ಪತ್ತು ಯೂನಿಟ್‌ಗಳೇ ದುಬಾರಿ. ಅವು ಎಲ್ಲಿ ಸೋರುತ್ತಿವೆ ಎಂದು ಹುಡುಕಬೇಕು.

ಮೀಟರ್ ಮಿಣುಕನ್ನು ಎಣಿಸಿ

1,000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಯಾವುದು ಎಷ್ಟು ಎಳೆಯುತ್ತದೆ ಎಂದು ತಿಳಿಯಲು ಹೊಸ ಯಂತ್ರ ಕೊಳ್ಳಬೇಕಿಲ್ಲ. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಸಣ್ಣ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಅಲ್ಲೇ ಹತ್ತಿರ 3200 ಅಥವಾ 1600 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ಅಷ್ಟು ಬಾರಿ ಮಿಣುಕಿದರೆ ಒಂದು ಯೂನಿಟ್ ಮುಗಿಯಿತು ಎಂದರ್ಥ. 3200ರ ಮೀಟರಿನಲ್ಲಿ ನಿಮಿಷಕ್ಕೆ ಎಷ್ಟು ಮಿಣುಕು ಬಂತೋ ಅದನ್ನು 19ರಿಂದ ಗುಣಿಸಿ, ಹೆಚ್ಚುಕಡಿಮೆ ವ್ಯಾಟ್ ಸಿಗುತ್ತದೆ. 1600 ಇದ್ದರೆ 38ರಿಂದ.

ರಾತ್ರಿ ದೀಪ, ಫ್ಯಾನ್, ಟಿವಿಗಳನ್ನೆಲ್ಲ ಎಂದಿನಂತೆ ಆರಿಸಿ, ಫ್ರಿಜ್ ಪ್ಲಗ್ ಸ್ವಲ್ಪ ಹೊತ್ತು ತೆಗೆದು ಮೀಟರ್ ಹತ್ತಿರ ನಿಲ್ಲಿ. ಏನೂ ಓಡುತ್ತಿಲ್ಲ ಎಂದುಕೊಂಡಾಗಲೂ ದೀಪ ನಿಮಿಷಕ್ಕೆ ಐದು ಸಲ ಮಿಣುಕಿದರೆ ಸುಮಾರು 94 ವ್ಯಾಟ್ ಹೋಗುತ್ತಿದೆ. ದಿನದ 24 ಗಂಟೆಯೂ ಹೀಗೇ ನಡೆದರೆ ತಿಂಗಳಿಗೆ 67 ಯೂನಿಟ್! ಆರೋಪಿಗಳು ಸಾಮಾನ್ಯವಾಗಿ ಇವರೇ: ರಿಮೋಟಿನಲ್ಲಿ ಮಾತ್ರ ಆರಿಸಿದ ಟಿವಿ, ಸೆಟ್‌ಟಾಪ್ ಬಾಕ್ಸ್, ವೈ-ಫೈ ರೂಟರ್, ಮುದಿ ಬ್ಯಾಟರಿಗೆ ಸದಾ ಚಾರ್ಜ್ ತುಂಬುತ್ತಿರುವ ಯುಪಿಎಸ್. 10 ವ್ಯಾಟ್‌ನ ಸೆಟ್‌ಟಾಪ್ ಬಾಕ್ಸ್ ಒಂದೇ ತಿಂಗಳಿಗೆ 7 ಯೂನಿಟ್ ತಿನ್ನುತ್ತದೆ. ಇವನ್ನೆಲ್ಲ ಪ್ಲಗ್‌ನಿಂದ ತೆಗೆದ ಮೇಲೂ ಮಿಣುಕು ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ವೈರಿಂಗ್‌ನಲ್ಲಿ ಲೀಕೇಜ್ ಇರಬಹುದು, ಇನ್ನೊಂದು ಮನೆಯ ಲೈನ್ ನಿಮ್ಮ ಮೀಟರಿಗೆ ಸೇರಿರಬಹುದು.

ಸದ್ದು ಮಾಡುವುದಲ್ಲ, ಕಾಯಿಸುವುದು

ಮಿಕ್ಸಿ ಇಡೀ ಬೀದಿಗೆ ಕೇಳುವಂತೆ ಕಿರುಚುತ್ತದೆ. ಆದರೆ 750 ವ್ಯಾಟ್‌ನ ಮಿಕ್ಸಿ ಹತ್ತು ನಿಮಿಷ ಓಡಿದರೆ ಯೂನಿಟ್‌ನ ಎಂಟನೇ ಒಂದು ಭಾಗ ಅಷ್ಟೆ. ಬಚ್ಚಲುಮನೆಯಲ್ಲಿ ಸದ್ದಿಲ್ಲದೆ ಕೂತಿರುವ 2,000 ವ್ಯಾಟ್‌ನ ಗೀಸರ್ 3200ರ ಮೀಟರಿನಲ್ಲಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಮಿಣುಕು ಎಬ್ಬಿಸುತ್ತದೆ.

ನೀರಿನ ಲೆಕ್ಕ ಸರಳ. 20 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42ಕ್ಕೆ ಏರಿಸಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಬೇಕು. ನಾಲ್ಕು ಜನ ದಿನಕ್ಕೆ ತಲಾ ಒಂದು ಬಕೆಟ್ ಬಳಸಿದರೆ ತಿಂಗಳಿಗೆ 56 ಯೂನಿಟ್. ಅದೇ ನಾಲ್ವರು ಹತ್ತು ಹತ್ತು ನಿಮಿಷ ಶವರ್ ಕೆಳಗೆ ನಿಂತು ತಲಾ 80 ಲೀಟರ್ ಬಿಸಿನೀರು ಸುರಿದುಕೊಂಡರೆ 220 ಯೂನಿಟ್ ಮೀರುತ್ತದೆ. ಫ್ಯಾನ್, ದೀಪ, ಫ್ರಿಜ್ ಲೆಕ್ಕಕ್ಕೆ ಬರುವ ಮೊದಲೇ ಗೃಹಜ್ಯೋತಿ ಆರಿಹೋಯಿತು. ಗೀಸರ್ ಇಡೀ ದಿನ ಆನ್ ಇದ್ದರೆ ನೀರು ತಾನಾಗಿ ಆರುತ್ತದೆ, ಥರ್ಮೋಸ್ಟಾಟ್ ಮತ್ತೆ ಮತ್ತೆ ಕಾಯಿಸುತ್ತದೆ. ಸ್ನಾನಕ್ಕೆ ಕಾಲು ಗಂಟೆ ಮುಂಚೆ ಹಾಕಿ, ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಮುಗಿಸಿ, ಸ್ವಿಚ್ ಆರಿಸಿ.

ಪಶ್ಚಿಮ ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್‌ಗೆ ಕೊರತೆಯಿಲ್ಲ. ಆದರೆ ಆ ಟ್ಯಾಂಕಿನೊಳಗೂ ಒಂದು ವಿದ್ಯುತ್ ಕಾಯಿಲ್ ಇರುತ್ತದೆ, ಮೋಡದ ದಿನಗಳಿಗೆಂದು. ಜುಲೈನಲ್ಲಿ ಹಾಕಿದ ಅದರ ಸ್ವಿಚ್ಚನ್ನು ಜನವರಿಯವರೆಗೂ ಮರೆಯುವ ಮನೆಗಳಿವೆ. 200 ಲೀಟರಿನ ಟ್ಯಾಂಕನ್ನು 20 ಡಿಗ್ರಿ ಏರಿಸಲು ಒಂದು ಸಲಕ್ಕೇ ನಾಲ್ಕೂವರೆ ಯೂನಿಟ್ ಬೇಕು. ಇವತ್ತೇ ಹೋಗಿ ಆ ಸ್ವಿಚ್ ನೋಡಿ.

ತಣ್ಣಗಿಡುವವು

ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಆದ್ದರಿಂದ ಮಲಗುವ ಕೋಣೆಯದ್ದನ್ನು ಮೊದಲು ಬದಲಿಸಿ. ಅತಿಥಿ ಬಂದಾಗ ಮಾತ್ರ ತಿರುಗುವ ಫ್ಯಾನ್ ಹಾಗೇ ಇರಲಿ. ಫ್ರಿಜ್ ಕೊಳ್ಳುವಾಗ ನಕ್ಷತ್ರ ಎಣಿಸುವುದರ ಜೊತೆ ಸ್ಟಿಕರಿನ ಮೇಲಿನ ವರ್ಷದ ಯೂನಿಟ್ ಓದಿ, ಹನ್ನೆರಡರಿಂದ ಭಾಗಿಸಿ. ಇರುವ ಫ್ರಿಜ್ಜಿನ ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಮುಚ್ಚಿ ಎಳೆದು ನೋಡಿ; ಸಲೀಸಾಗಿ ಜಾರಿ ಬಂದರೆ ರಬ್ಬರ್ ಗ್ಯಾಸ್ಕೆಟ್ ಹೋಗಿದೆ.

ಏಸಿಯದ್ದು ಬೇರೆಯೇ ಕಥೆ. ಒಂದೂವರೆ ಟನ್ನಿನದು ಪೂರ್ತಿ ದುಡಿಯುವಾಗ 1,500 ವ್ಯಾಟ್ ಹತ್ತಿರ ಎಳೆಯುತ್ತದೆ. ಇನ್ವರ್ಟರ್ ಏಸಿ ಅದರ ಅರ್ಧದಲ್ಲಿ ಓಡಿದರೂ ರಾತ್ರಿಗೆ 8 ಗಂಟೆಯಂತೆ ತಿಂಗಳಿಗೆ 180 ಯೂನಿಟ್. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ. 26ಕ್ಕಿಟ್ಟು ಫ್ಯಾನ್ ಹಾಕಿಕೊಂಡು, ಟೈಮರಿನಲ್ಲಿ ಎರಡು ಗಂಟೆಗೆ ಆರುವಂತೆ ಮಾಡಿದರೆ ಬೆಂಗಳೂರಿನ ರಾತ್ರಿಗೆ ಸಾಕು.

ಮನೆ ಬದಲಿಸುವವರಿಗೆ

ಉಚಿತ ಮಿತಿ ಮೀಟರಿನ ಹಳೆಯ ಬಳಕೆಗೆ ಅಂಟಿಕೊಂಡಿದೆ. ಹೀಗಾಗಿ ಕೆಂಗೇರಿಯಲ್ಲೋ ವಿಜಯನಗರದಲ್ಲೋ ಬಾಡಿಗೆ ಮನೆ ನೋಡುವಾಗ ಅಡ್ವಾನ್ಸ್, ನೀರಿನ ಜೊತೆಗೆ ಹಳೆಯ ಬೆಸ್ಕಾಂ ಬಿಲ್ಲನ್ನೂ ಕೇಳಿ. 60 ಯೂನಿಟ್ ಮಿತಿಯ ಮನೆಗೂ 150 ಯೂನಿಟ್ ಮಿತಿಯ ಮನೆಗೂ ತಿಂಗಳಿಗೆ ಐನೂರು ರೂಪಾಯಿಗೂ ಹೆಚ್ಚು ವ್ಯತ್ಯಾಸ ಬೀಳಬಹುದು. ಮನೆ ಬಿಡುವಾಗ ಸೇವಾಸಿಂಧು ಪೋರ್ಟಲಿನಲ್ಲಿ ಹಳೆಯ ಮೀಟರಿನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿ. ಇಲ್ಲದಿದ್ದರೆ ಹೊಸ ಮನೆಗೆ ಅರ್ಜಿ ಹಾಕಲಾಗದು.

ರೀಡಿಂಗ್ ತೆಗೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಹದಿನೈದನೇ ದಿನ ನೀವೇ ಮೀಟರ್ ನೋಡಿ. ಬಿಲ್ಲಿನ ಅಂಕಿಗಿಂತ 100ಕ್ಕೂ ಹೆಚ್ಚಾಗಿದ್ದರೆ, ಇದೇ ವೇಗದಲ್ಲಿ ಹೋದರೆ ತಿಂಗಳ ಕೊನೆಗೆ 200 ದಾಟುತ್ತದೆ. ಆದರೆ ಸರಿಪಡಿಸಲು ಇನ್ನೂ ಅರ್ಧ ತಿಂಗಳಿದೆ: ಶವರ್ ಬಿಟ್ಟು ಬಕೆಟ್ಟಿಗೆ ಬಂದರೆ ಅಷ್ಟೇ ದಿನಗಳಲ್ಲಿ 80 ಯೂನಿಟ್‌ವರೆಗೆ ಉಳಿಯುತ್ತದೆ.