ಅಮಿಡಾದ ಮೇಲೆ ಗೀಚಿದ ಗೆರೆಗಳು ಎಲ್ಲಿ ಹೋದವು?

ನವಿ ಮುಂಬಯಿಯ ಮಹಾಪೆಯ ಐಟಿ ಕಚೇರಿಗಳಲ್ಲಿ ಊಟದ ಬಿಡುವಿಗೆ ಟ್ಯಾಬ್ಲೆಟ್ ತೆರೆದು ಚಿತ್ರ ಬಿಡಿಸುವವರು ಈಗ ಅಪರೂಪವಲ್ಲ. ಒಬ್ಬರ ಚಿತ್ರದಲ್ಲಿ ಪಾರಸಿಕ ಗುಡ್ಡಕ್ಕೆ ಕಾಲು ಮೂಡಿ ಅದು ಕಲ್ಲುಕ್ವಾರಿಯಿಂದ ಓಟ ಕೀಳುತ್ತದೆ. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ, ಲಾರಿಗಳ ನಡುವೆ, ಫ್ಲೆಮಿಂಗೊ ಒಂಟಿಕಾಲಲ್ಲಿ ನಿಂತಿರುತ್ತದೆ. ನಗಿಸುತ್ತಲೇ ಯೋಚನೆಗೆ ಹಚ್ಚುವ ಚಿತ್ರಗಳು ಇವು. ಈ ಹವ್ಯಾಸ ಎಂದಿನಿಂದ ಬಂತು ಎಂದು ಕೇಳಿದರೆ ಬಹುತೇಕರು ಹೇಳುವುದು ಐಪ್ಯಾಡ್ ಬಂದ 2010ರ ಮಾತು. ಬೆಂಗಳೂರಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅದು ಬರಬೇಕು ಎಂಬುದೇ ನನ್ನ ತಕರಾರು.

ಪರದೆಯ ಮೇಲೆ ಗೆರೆ ಎಳೆಯುವ ಕನಸು ಹಳೆಯದು. 1963ರಲ್ಲಿ ಎಂಐಟಿಯ ಐವನ್ ಸದರ್ಲೆಂಡ್ ಬೆಳಕಿನ ಪೆನ್ನಿನಿಂದ 'ಸ್ಕೆಚ್‌ಪ್ಯಾಡ್' ಮಾಡಿ ತೋರಿಸಿದರು. 1983ರಲ್ಲಿ ಜಪಾನಿನಲ್ಲಿ ವ್ಯಾಕಮ್ ಕಂಪನಿ ಹುಟ್ಟಿತು. 1993ರಲ್ಲಿ ಆಪಲ್‌ನ ನ್ಯೂಟನ್, 1996ರಲ್ಲಿ ಪಾಮ್ ಪೈಲಟ್ ಬಂದವು. ಕಡ್ಡಿಯಿಂದ ಬರೆದದ್ದನ್ನು ಇಂಗ್ಲಿಷ್ ಅಕ್ಷರವಾಗಿ ಬದಲಿಸುವುದೇ ಅವುಗಳ ಹೆಚ್ಚುಗಾರಿಕೆಯಾಗಿತ್ತು. ಕನ್ನಡದ ಕೈಗೆ ಅಲ್ಲಿ ಜಾಗವಿರಲಿಲ್ಲ.

1999ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪನೆಯಾಯಿತು. ಅದರ ಹಿಂದಿದ್ದವರು ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ತಂಡ. ಓದುಬರಹ ಬಾರದ ರೈತನೂ ಬಳಸಬಹುದಾದ, ಕನ್ನಡ, ಹಿಂದಿ, ತಮಿಳಿನಲ್ಲಿ ಮಾತಾಡಬಲ್ಲ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಅವರ ಗುರಿ. ಅದರೊಳಗೆ ಇದ್ದದ್ದು ಲಿನಕ್ಸ್. ಪರದೆ 320 x 240 ಚುಕ್ಕಿಗಳದ್ದು. ಇಂದಿನ ಟ್ಯಾಬ್ಲೆಟ್ಟಿನ ಮುಂದೆ ಒಂದು ಅಂಚೆಚೀಟಿಯಷ್ಟೇ ಅನ್ನಿ.

ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕಟ್ಟಿದ ಪಿಕೊಪೆಟಾ ಕಂಪನಿ, ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ 2004ರಲ್ಲಿ ಈ ಸಿಂಪ್ಯೂಟರನ್ನು 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದರಲ್ಲಿ ಕೈಯ ಚಲನೆಯನ್ನು ಗ್ರಹಿಸುವ ಅಕ್ಸೆಲರೋಮೀಟರ್ ಇತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸೌಲಭ್ಯ. ಪರದೆಯ ಮೇಲೆ ಮನಸ್ಸಿಗೆ ಬಂದದ್ದನ್ನು ಗೀಚಿ, ಆ ಗೀಚನ್ನೇ ಇ-ಮೇಲ್ ಮಾಡಬಹುದಿತ್ತು.

ಇದರ ಬೆಲೆ ತಿಳಿಯಬೇಕಾದರೆ ಆ ಕಾಲದ ಕನ್ನಡ ಮೇಲ್‌ಗಳನ್ನು ನೆನೆಯಬೇಕು. ಒಂದು ಫಾಂಟಿನಲ್ಲಿ ಬೆರಳಚ್ಚಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೊಂದಲದ ಚಿಹ್ನೆಗಳ ಸಾಲು. ಯುನಿಕೋಡ್ ಇತ್ತು, ಮನೆಮನೆಗೆ ತಲುಪಿರಲಿಲ್ಲ. ಡೊಂಬಿವಲಿಯ ಮಗ ಧಾರವಾಡದ ತಾಯಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯಬೇಕಾಗಿದ್ದ ದಿನಗಳವು. ಗೀಚಿದ ಗೆರೆಗೆ ಫಾಂಟ್ ಬೇಡ, ಕೀಲಿಮಣೆ ಬೇಡ. 'ಅಮ್ಮ' ಎಂದು ಬರೆದು ಪಕ್ಕದಲ್ಲೊಂದು ಬೆಕ್ಕು ಬಿಡಿಸಿದರೆ ಅಕ್ಷರವೂ ಬೆಕ್ಕೂ ಒಟ್ಟಿಗೇ ಹೋಗಿ ತಲುಪುತ್ತವೆ. ಬರೆಯುವುದಕ್ಕೂ ಬಿಡಿಸುವುದಕ್ಕೂ ನಡುವೆ ಬೇಲಿಯಿಲ್ಲದ ಈ ಸ್ವಾತಂತ್ರ್ಯವನ್ನು ಬೆಂಗಳೂರಿನ ಎಂಜಿನಿಯರುಗಳು ಹಳ್ಳಿಗೆಂದು ಮಾಡಿದ ಯಂತ್ರದಲ್ಲಿಟ್ಟಿದ್ದರು. ಇದು ದೊಡ್ಡ ಮನಸ್ಸಿನ ಕೆಲಸ.

ಮುಂದಿನದು ನೋವಿನ ಕಥೆ. 50,000 ಸಿಂಪ್ಯೂಟರ್ ಮಾರುವ ನಿರೀಕ್ಷೆಯಿತ್ತು. 2005ರ ಹೊತ್ತಿಗೆ ಹೋದದ್ದು ಸುಮಾರು 4,000. ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಶುರುವಾಗುತ್ತಿತ್ತು, ಮೊಬೈಲ್ ದಿನದಿನಕ್ಕೆ ಅಗ್ಗವಾಗುತ್ತಿತ್ತು. ಕರ್ನಾಟಕದ ಭೂದಾಖಲೆಯಂಥ ಕೆಲವು ಕೆಲಸಗಳಿಗೆ ಬಳಸಿದ್ದು ಬಿಟ್ಟರೆ ಸರ್ಕಾರಗಳಿಂದ ದೊಡ್ಡ ಖರೀದಿ ಬರಲಿಲ್ಲ. 'ಬಡವರ ಕಂಪ್ಯೂಟರ್' ಎಂಬ ಹಣೆಪಟ್ಟಿ ಬಿದ್ದ ಮೇಲೆ ಅದರಲ್ಲಿದ್ದ ಆಟ, ಚೆಲುವು ಯಾರ ಕಣ್ಣಿಗೂ ಬೀಳಲಿಲ್ಲ. ಬಡವನಿಗೆ ಚಿತ್ರ ಏಕೆ ಎಂದುಕೊಂಡವರೇ ಹೆಚ್ಚು. ಕೊನೆಗೆ ಪಿಕೊಪೆಟಾ ನಮ್ಮ ಮುಂಬಯಿಯ ಜಿಯೊಡೆಸಿಕ್ ಕಂಪನಿಯ ಪಾಲಾಯಿತು.

2009ರಲ್ಲಿ ಇಂಗ್ಲೆಂಡಿನ ಹಿರಿಯ ಕಲಾವಿದ ಡೇವಿಡ್ ಹಾಕ್ನಿ ಐಫೋನಿನ ಮೇಲೆ ಬೆರಳಿನಿಂದ ಹೂಗಳನ್ನು ಬಿಡಿಸಿ ಬೆಳಿಗ್ಗೆ ಬೆಳಿಗ್ಗೆ ಗೆಳೆಯರಿಗೆ ಕಳಿಸತೊಡಗಿದರು. 2011ರ ವಸಂತವನ್ನು ಐಪ್ಯಾಡಿನಲ್ಲಿ ಹಿಡಿದರು. ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆಗಳ ಮೇಲೆ ಆ ಚಿತ್ರಗಳು ದೊಡ್ಡದಾಗಿ ಮೂಡಿದವು. ಹಾಕ್ನಿ ದೊಡ್ಡವರು, ಅವರಿಗೆ ಸಂದ ಮನ್ನಣೆ ನ್ಯಾಯವಾದದ್ದೇ. ಆದರೆ ಪರದೆಯ ಮೇಲೆ ಗೀಚಿ ಗೆಳೆಯರಿಗೆ ಕಳಿಸುವ ಆ ಸುಖವನ್ನು ಅಮಿಡಾ ಕೊಂಡವರು ಐದು ವರ್ಷ ಮೊದಲೇ ಉಂಡಿರಬೇಕು. ಅವರ ಚಿತ್ರಗಳನ್ನು ಯಾವ ಗ್ಯಾಲರಿಯೂ ಕೇಳಲಿಲ್ಲ.

ಬೆಂಗಳೂರು, ಮೈಸೂರು, ಠಾಣೆ, ಕಲ್ಯಾಣ — ಎಲ್ಲೇ ಇರಲಿ, ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ಪೆಟ್ಟಿಗೆಯಲ್ಲೋ ಅಮಿಡಾ ಇದ್ದರೆ ಗುಜರಿಗೆ ಹಾಕಬೇಡಿ. ಬಲ್ಲವರಿಂದ ಅದನ್ನು ಚಾಲೂ ಮಾಡಿಸಿ, ಒಳಗಿರುವ ಗೀಚುಗಳನ್ನು ಹೊರತೆಗೆಯಿರಿ. 2004ರ ಇ-ಮೇಲ್‌ಗಳಲ್ಲಿ ಅಂಥ ಚಿತ್ರ ಬಂದಿದ್ದರೆ ಉಳಿಸಿ, ಯಾರು ಯಾರಿಗೆ ಬರೆದದ್ದು ಎಂದು ಜೊತೆಗೊಂದು ಸಾಲು ಬರೆದಿಡಿ.