ದನದ ಆಸ್ಪತ್ರೆಯ ಹೊಸ ರೋಗಿಗಳು

ನಾವು ಚಿಕ್ಕವರಿದ್ದಾಗ ಪಶು ಆಸ್ಪತ್ರೆಯನ್ನು ‘ದನದ ಆಸ್ಪತ್ರೆ’ ಎಂದೇ ಕರೆಯುತ್ತಿದ್ದೆವು. ಅಲ್ಲಿ ಕಾಣುತ್ತಿದ್ದುದು ಹಸು, ಎಮ್ಮೆ, ಎತ್ತುಗಳೇ. ನಮ್ಮ ರಾಜಾಜಿನಗರದಲ್ಲೂ ಆಗ ಹಿತ್ತಲಲ್ಲಿ ಹಸು ಕಟ್ಟಿದವರಿದ್ದರು. ಈಗ ಅಂಥ ಆಸ್ಪತ್ರೆಗೆ ಹೋಗಿ ನೋಡಿ. ಬೆಂಚಿನ ಮೇಲೆ ನಾಯಿಯ ಸರಪಳಿ ಹಿಡಿದ ತಾತ, ಪಕ್ಕದಲ್ಲಿ ಬುಟ್ಟಿಯೊಳಗೆ ಬೆಕ್ಕನ್ನಿಟ್ಟುಕೊಂಡ ಮೊಮ್ಮಗಳು! 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಇಂದು ಊರಿನ ನಾನಾ ಬಡಾವಣೆಗಳಿಂದ ನಾಯಿ, ಬೆಕ್ಕುಗಳು ಬರುತ್ತವೆ. ಫ್ಲ್ಯಾಟುಗಳು ಹೆಚ್ಚಿದಂತೆ ಬೆಕ್ಕು ಸಾಕುವವರೂ ಹೆಚ್ಚಿದ್ದಾರೆ. ಅದನ್ನು ಬೆಳಗ್ಗೆ ಸಂಜೆ ತಿರುಗಾಡಿಸುವ ಕೆಲಸವಿಲ್ಲವಲ್ಲ!

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಎಲ್ಲವನ್ನೂ ಖಾತೆವಾರು ನೋಡುವ ಅಭ್ಯಾಸ. ಈ ರೋಗಿಗಳನ್ನೂ ಹಾಗೆಯೇ ವಿಂಗಡಿಸಬಹುದು.

ಮೊದಲನೆಯದು ಮರಿಗಳ ಖಾತೆ. ನಾಯಿಮರಿಗಳ ದೊಡ್ಡ ಶತ್ರು ಪಾರ್ವೊ ವೈರಸ್. ಇದು 1978ರ ಸುಮಾರಿಗೆ ಜಗತ್ತಿನಾದ್ಯಂತ ಹರಡಿತು. ವಾಂತಿ, ರಕ್ತಭೇದಿಯಿಂದ ಮರಿ ಎರಡು ಮೂರು ದಿನದಲ್ಲೇ ಸೊರಗಿ ಹೋಗುತ್ತದೆ. ಆರರಿಂದ ಎಂಟು ವಾರದ ಮರಿಗೆ ಮೊದಲ ಲಸಿಕೆ ಹಾಕಿಸಿ, ಹದಿನಾರು ವಾರ ತುಂಬುವವರೆಗೆ ವೈದ್ಯರು ಹೇಳಿದ ದಿನಗಳಂದು ಮತ್ತೆ ಹಾಕಿಸಿದರೆ ಈ ಸಂಕಟ ತಪ್ಪುತ್ತದೆ.

ಎರಡನೆಯದು ಉಣ್ಣೆಯ ಖಾತೆ. ಉಣ್ಣೆ ಕಚ್ಚಿದರೆ ಬರೀ ತುರಿಕೆಯಲ್ಲ, ಜ್ವರವೂ ಬರಬಹುದು. ನಾಯಿ ಊಟ ಬಿಟ್ಟು ಮಂಕಾಗಿ, ಒಸಡು ಬಿಳಿಚಿಕೊಂಡಿದ್ದರೆ ತಡಮಾಡಬೇಡಿ.

ಮೂರನೆಯದು ನನ್ನಂಥ ಮುದುಕರ ಖಾತೆ! ಒಳ್ಳೆಯ ಆರೈಕೆಯಿಂದ ಸಾಕುಪ್ರಾಣಿಗಳು ಹೆಚ್ಚು ವರ್ಷ ಬಾಳುತ್ತಿವೆ. ಜೊತೆಗೆ ಕೀಲುನೋವು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಯೂ ಬರುತ್ತಿವೆ. ಕಾಫಿಯ ಹೊತ್ತಿಗೆ ನಾವು ಪ್ರೀತಿಯಿಂದ ಎಸೆಯುವ ಬಿಸ್ಕತ್ತು, ರಸ್ಕುಗಳಿಂದ ನಾಯಿಯ ತೂಕ ಏರುತ್ತದೆ.

ನಾಲ್ಕನೆಯದು ಮನೆಮದ್ದಿನ ಖಾತೆ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ನಾಯಿಗೆ ಬೇಡ. ಮಕ್ಕಳೇ, ಹುಟ್ಟುಹಬ್ಬದ ಚಾಕೊಲೇಟನ್ನು ಅದರೊಂದಿಗೆ ಹಂಚಿಕೊಳ್ಳಬೇಡಿ.

ಕೊನೆಯದು ಎಲ್ಲಕ್ಕಿಂತ ಗಂಭೀರ: ರೇಬೀಸ್. ಲೂಯಿ ಪಾಶ್ಚರ್ 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಹಾಕಿದರು, ಹುಡುಗ ಬದುಕಿದ. ಆದರೆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಇಂದಿಗೂ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಆದ್ದರಿಂದ ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಮೆತ್ತಬಾರದು. ಬೈಗುಳಕ್ಕೆ ಹೆದರಿ ಮಕ್ಕಳು ಗಾಯ ಮುಚ್ಚಿಡುವುದುಂಟು. ಅಜ್ಜ ಅಜ್ಜಿಯರೇ, “ಯಾಕೆ ಅದರ ಹತ್ತಿರ ಹೋದೆ?” ಎಂದು ಗದರುವ ಮೊದಲು ಗಾಯ ತೊಳೆಯಿರಿ. ಆಗ ಮಗು ಮುಂದಿನ ಸಲವೂ ಓಡಿಬಂದು ಹೇಳುತ್ತದೆ.

ನಿಮ್ಮ ಮನೆಯಲ್ಲಿ ನಾಯಿಯೋ ಬೆಕ್ಕೋ ಇದ್ದರೆ ಅದರ ಲಸಿಕೆ ಕಾರ್ಡನ್ನು ಇಂದೇ ತೆಗೆದು ನೋಡಿ. ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಮೊಮ್ಮಕ್ಕಳದು. ಆ ದಿನ ಅವರೊಡನೆ ಆಸ್ಪತ್ರೆಗೆ ಹೊರಡುವುದು ನಮ್ಮದು.